ಮಹಿಳೆಯರಿಗೆ ನೆರವು ಕೊಟ್ಟರೆ ದೇಶಕ್ಕೆ ಲಾಭ: ಈ ವಾದ ಎಷ್ಟು ದೂರ ನಡೆಯುತ್ತದೆ?

ಮುಂಗಾರು (ಚರ್ಚೆ ಆರಂಭಿಸಿದವರು)

ಅಂತಾರಾಷ್ಟ್ರೀಯ ನೆರವಿನ ವರದಿಗಳನ್ನು ಓದುವವರಿಗೆ ಈ ಮಾತು ಬಾಯಿಪಾಠವಾಗಿರುತ್ತದೆ: ಮಹಿಳೆಯರ ಮೇಲೆ ಹಣ ಹೂಡಿ, ಮಕ್ಕಳ ಆರೋಗ್ಯ ಸುಧಾರಿಸುತ್ತದೆ, ಇಳುವರಿ ಹೆಚ್ಚುತ್ತದೆ, ಆರ್ಥಿಕತೆ ಬೆಳೆಯುತ್ತದೆ. ವಿಶ್ವಬ್ಯಾಂಕ್ 2006ರಲ್ಲಿ ಲಿಂಗ ಸಮಾನತೆಯ ಕುರಿತ ತನ್ನ ಕ್ರಿಯಾ ಯೋಜನೆಯನ್ನು 'ಜಾಣ ಅರ್ಥಶಾಸ್ತ್ರ' ಎಂದೇ ಕರೆಯಿತು.

ಮಹಿಳೆಯರ ವಿರುದ್ಧದ ತಾರತಮ್ಯ ನಿವಾರಣೆಯ ಒಪ್ಪಂದವನ್ನು ವಿಶ್ವಸಂಸ್ಥೆಯ ಮಹಾಸಭೆ 1979ರಲ್ಲಿ ಅಂಗೀಕರಿಸಿತು. ಅದರ ಪೀಠಿಕೆಯಲ್ಲಿ ದೇಶದ ಅಭಿವೃದ್ಧಿಯ ಮಾತೂ ಬರುತ್ತದೆ ನಿಜ. ಆದರೆ ಒಳಗಿನ ಕಲಮುಗಳೆಲ್ಲ ಹಕ್ಕಿನ ಭಾಷೆಯಲ್ಲಿವೆ. 'ಇಷ್ಟು ಬೆಳವಣಿಗೆ ಬಂದರೆ ಇಷ್ಟು ಹಕ್ಕು' ಎಂದು ಎಲ್ಲಿಯೂ ಬರೆದಿಲ್ಲ. ಈಗ ಹಕ್ಕಿನ ಕುರ್ಚಿಯಲ್ಲಿ ಲಾಭ ಬಂದು ಕುಳಿತಿದೆ. ಲಾಭ ಕಾಣದ ವರ್ಷ ಹಕ್ಕಿನ ಗತಿ ಏನು?

ಸಮಾನತೆ ಬೇಕೋ ಬೇಡವೋ ಎಂಬ ಜಗಳವನ್ನು ದಯವಿಟ್ಟು ಇಲ್ಲಿ ತೆಗೆಯಬೇಡಿ. ನಾನು ಕೇಳುತ್ತಿರುವುದು, ಈ ಸಮರ್ಥನೆಯಿಂದ ನೆಲದ ಮೇಲೆ ಆದದ್ದೇನು ಎಂದು.

ಲೆಕ್ಕಿಗ

ಹಣಕಾಸು ಸಚಿವರ ಮುಂದೆ ಕುಳಿತು ಹಕ್ಕಿನ ಬಗ್ಗೆ ಭಾಷಣ ಮಾಡಿದರೆ ಚಹಾ ಸಿಗುತ್ತದೆ, ಅನುದಾನ ಸಿಗುವುದಿಲ್ಲ. ಹಾಗಾಗಿ ಲಾಭದ ವಾದವನ್ನು ನಾನು ಬಿಟ್ಟುಕೊಡಲಾರೆ. ಅದಕ್ಕೆ ಪುರಾವೆಯೂ ಗಟ್ಟಿಯಾಗಿಯೇ ಇದೆ.

1996ರಲ್ಲಿ ಕ್ರಿಸ್ಟೋಫರ್ ಉಡ್ರಿ ಎಂಬ ಅರ್ಥಶಾಸ್ತ್ರಜ್ಞ ಬುರ್ಕಿನಾ ಫಾಸೋದ ಕೃಷಿ ಅಂಕಿಗಳನ್ನು ಬಿಡಿಸಿ ನೋಡಿದರು. ಅಲ್ಲಿ ಒಂದೇ ಮನೆಯೊಳಗೆ ಗಂಡ ಹೆಂಡತಿಯರಿಗೆ ಬೇರೆಬೇರೆ ತಾಕುಗಳಿರುತ್ತವೆ. ಒಂದೇ ಮನೆ, ಒಂದೇ ವರ್ಷ, ಒಂದೇ ಬೆಳೆ. ಆದರೂ ಹೆಂಡತಿಯ ತಾಕಿನಲ್ಲಿ ಇಳುವರಿ ಗಮನಾರ್ಹವಾಗಿ ಕಡಿಮೆ. ಆಕೆ ಕೆಲಸದಲ್ಲಿ ಹಿಂದೆ ಬಿದ್ದಿರಲಿಲ್ಲ. ಗೊಬ್ಬರವೂ ಕೂಲಿಯ ಕೈಗಳೂ ಗಂಡನ ತಾಕಿಗೆ ಹೋಗಿಬಿಡುತ್ತಿದ್ದವು. ಅದೇ ಸಾಮಗ್ರಿಯನ್ನು ಹಂಚಿ ಹಾಕಿದ್ದರೆ ಮನೆಯ ಒಟ್ಟು ಉತ್ಪನ್ನ ಸುಮಾರು ಶೇ 6ರಷ್ಟು ಹೆಚ್ಚುತ್ತಿತ್ತು ಎಂದು ಅವರ ಲೆಕ್ಕ. ಮನೆಯ ಗೊಬ್ಬರ ಮನೆಯಲ್ಲೇ ವ್ಯರ್ಥವಾಗುತ್ತಿತ್ತು.

ಇನ್ನೊಂದು ದಕ್ಷಿಣ ಆಫ್ರಿಕಾದ್ದು. ವರ್ಣಭೇದ ನೀತಿ ಮುಗಿಯುವ ಹೊತ್ತಿಗೆ ವೃದ್ಧಾಪ್ಯ ಪಿಂಚಣಿಯನ್ನು ಕಪ್ಪು ಜನಾಂಗದವರಿಗೂ ಪೂರ್ಣವಾಗಿ ವಿಸ್ತರಿಸಲಾಯಿತು. ಅರ್ಥಶಾಸ್ತ್ರಜ್ಞೆ ಎಸ್ತರ್ ಡುಫ್ಲೋ 2003ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಪಿಂಚಣಿ ಅಜ್ಜಿಯ ಕೈಗೆ ಬಂದ ಮನೆಗಳಲ್ಲಿ ಮೊಮ್ಮಗಳ ಪೋಷಣೆ ಸುಧಾರಿಸಿತು. ಅಜ್ಜನ ಕೈಗೆ ಬಂದಲ್ಲಿ ಅಂಥ ಬದಲಾವಣೆ ಕಾಣಲಿಲ್ಲ. ಇಷ್ಟು ಸ್ಪಷ್ಟವಾದ ಫಲಿತಾಂಶವನ್ನು ಸಚಿವರಿಗೆ ಹೇಳದೆ ಬಚ್ಚಿಡಬೇಕೇ?

ಸಂಶಯಾತ್ಮ

ಹೇಳಿ, ಆದರೆ ಪರೀಕ್ಷಿಸಿದ ಅಂಕಿಗಳನ್ನೇ ಹೇಳಿ. ಈ ಕ್ಷೇತ್ರದಲ್ಲಿ ಸತ್ತರೂ ಸಾಯದ ಅಂಕಿಗಳ ಒಂದು ದಂಡೇ ಇದೆ. 'ಜಗತ್ತಿನ ಬಡವರಲ್ಲಿ ಶೇ 70 ಮಂದಿ ಮಹಿಳೆಯರು', 'ಮಹಿಳೆಯರ ಒಡೆತನದಲ್ಲಿರುವುದು ಜಗತ್ತಿನ ಆಸ್ತಿಯ ಶೇ 1 ಮಾತ್ರ', 'ಆಹಾರದ ಶೇ 60ರಿಂದ 80 ಭಾಗವನ್ನು ಬೆಳೆಯುವವರು ಮಹಿಳೆಯರು'. ದಶಕಗಳಿಂದ ಒಬ್ಬರ ಭಾಷಣದಿಂದ ಇನ್ನೊಬ್ಬರ ಭಾಷಣಕ್ಕೆ ದಾಟುತ್ತಿರುವ ಇವುಗಳ ಬೇರು ಹುಡುಕಿ ಹೊರಟರೆ ಕೈಗೆ ಏನೂ ಸಿಗುವುದಿಲ್ಲ. ಆಹಾರದ ಅಂಕಿಗೆ ಆಧಾರವಿಲ್ಲ ಎಂಬುದು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ 2011ರ ವರದಿಯ ಹೊತ್ತಿಗೇ ಸ್ಪಷ್ಟವಾಗಿತ್ತು. ಅದೇ ವರದಿ ಹೆಚ್ಚು ವಿವೇಕದ ಒಂದು ಅಂದಾಜು ಕೊಟ್ಟಿತು: ಬೀಜ, ಗೊಬ್ಬರ, ಸಾಲ, ನೆಲ ಇವು ಪುರುಷರಷ್ಟೇ ಮಹಿಳೆಯರಿಗೂ ದೊರೆತರೆ ಅಭಿವೃದ್ಧಿಶೀಲ ದೇಶಗಳ ಒಟ್ಟು ಕೃಷಿ ಉತ್ಪನ್ನ ಶೇ 2.5ರಿಂದ 4ರಷ್ಟು ಏರಬಹುದು. ಕಣ್ಣು ಕುಕ್ಕುವ ಸಂಖ್ಯೆಯಲ್ಲ, ಹಾಗಾಗಿ ಭಾಷಣಕ್ಕೆ ಬರಲಿಲ್ಲ.

'ಬಡವರಲ್ಲಿ ಮಹಿಳೆಯರು ಎಷ್ಟು' ಎಂಬ ಪ್ರಶ್ನೆಗೆ ಉತ್ತರ ಯಾಕೆ ಕಷ್ಟ ಗೊತ್ತೇ? ಬಡತನವನ್ನು ಅಳೆಯುವುದು ಮನೆಯ ಲೆಕ್ಕದಲ್ಲಿ. ಮನೆಯ ಖರ್ಚನ್ನು ತಲೆಗಳಿಂದ ಭಾಗಿಸಿ, ರೇಖೆಗಿಂತ ಕೆಳಗಿದ್ದರೆ ಎಲ್ಲರೂ ಬಡವರು, ಮೇಲಿದ್ದರೆ ಯಾರೂ ಅಲ್ಲ ಎನ್ನುತ್ತಾರೆ. ಮೇಲಿನ ಪೋಸ್ಟಿನಲ್ಲಿ ಲೆಕ್ಕಿಗರು ಹೇಳಿದ ಬುರ್ಕಿನಾ ಫಾಸೋದ ಸಂಗತಿ ಈ ಊಹೆಯನ್ನೇ ಒಡೆಯುತ್ತದೆ. ಮನೆ ಎಂಬುದು ಒಂದೇ ಕೈಚೀಲವಲ್ಲ ಎಂದು 30 ವರ್ಷಗಳ ಹಿಂದೆಯೇ ಗೊತ್ತಾಗಿದ್ದರೂ ಅಳತೆಗೋಲು ಮಾತ್ರ ಹಳೆಯದೇ.

ಹೊಂಗೆ ನೆರಳು

ಮುಂಗಾರು ಅವರು ನೆಲದ ಮೇಲೆ ಆದದ್ದನ್ನು ಕೇಳಿದ್ದಾರೆ. ಯೋಜನೆಗಳ ಮೌಲ್ಯಮಾಪನದ ಕೆಲಸಕ್ಕೆ ಬರುವ ಹೊಸಬರಿಗೆಲ್ಲ ನಾನು ಗ್ಯಾಂಬಿಯಾದ ಭತ್ತದ ಕಥೆಯನ್ನು ಓದಲು ಹೇಳುತ್ತೇನೆ. ಇಲ್ಲಿಯೂ ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇನೆ, ಬೇಸರಿಸಬೇಡಿ.

ಗ್ಯಾಂಬಿಯಾ ನದಿಯ ಜೌಗು ನೆಲದಲ್ಲಿ ಭತ್ತ ಬೆಳೆಯುವುದು ಹಿಂದಿನಿಂದಲೂ ಮಹಿಳೆಯರ ಕೆಲಸ. ಮಂಡಿಂಕಾ ಸಮುದಾಯದಲ್ಲಿ ಎರಡು ಬಗೆಯ ಹೊಲಗಳಿರುತ್ತವೆ. 'ಮರುವೊ' ಎಂದರೆ ಇಡೀ ಮನೆಗೆ ಸೇರಿದ್ದು, ಅದರ ಬೆಳೆಯ ಮೇಲೆ ಅಧಿಕಾರ ಯಜಮಾನನದ್ದು, ಅಲ್ಲಿ ದುಡಿಯುವುದು ಎಲ್ಲರ ಕರ್ತವ್ಯ. 'ಕಮನ್ಯಾಂಗೊ' ಎಂದರೆ ವ್ಯಕ್ತಿಗೆ ಸೇರಿದ ಹೊಲ. ಬೆಳೆದದ್ದನ್ನು ಮಾರಿದರೆ ಬಂದ ಹಣ ಬೆಳೆದವಳದ್ದೇ.

1980ರ ದಶಕದಲ್ಲಿ ಜಹಾಲಿ-ಪಚಾರ್ ಎಂಬಲ್ಲಿ ದೊಡ್ಡ ನೀರಾವರಿ ಯೋಜನೆ ಬಂತು. ಹಿಂದಿನ ಯೋಜನೆಗಳು ಮಹಿಳೆಯರನ್ನು ಮರೆತು ಪುರುಷರಿಗೇ ತಾಕು ಹಂಚಿ ಟೀಕೆಗೆ ಗುರಿಯಾಗಿದ್ದವು. ಈ ಸಲ ದಾನಿಗಳು ಎಚ್ಚರವಾಗಿದ್ದರು. ಅವರ ಒತ್ತಾಯದಿಂದ ಮಹಿಳೆಯರ ಹೆಸರಿಗೆ ತಾಕುಗಳು ನೋಂದಣಿಯಾದವು. ಕಾಗದದಲ್ಲಿ ನೋಡಿದರೆ ಗೆಲುವು. ಆದರೆ ಮನೆಗಳಲ್ಲಿ ಆ ತಾಕುಗಳನ್ನು 'ಮರುವೊ' ಎಂದು ಘೋಷಿಸಲಾಯಿತು. ಹೆಸರು ಆಕೆಯದು, ಬೆಳೆ ಯಜಮಾನನದು. ನೀರಾವರಿಯಿಂದ ವರ್ಷಕ್ಕೆ ಎರಡು ಬೆಳೆ ಬಂದದ್ದರಿಂದ ಆಕೆ ಮನೆಯ ಹೊಲಕ್ಕೆ ಕೊಡಬೇಕಾದ ದುಡಿಮೆಯೂ ಹೆಚ್ಚಿತು. ತನ್ನದೇ ಹೊಲ ಹೋಯಿತು, ಕೈಖರ್ಚಿನ ಹಣವೂ ಹೋಯಿತು. ಇಳುವರಿ ಮಾತ್ರ ಸೊಗಸಾಗಿ ಏರಿತ್ತು! ಮಹಿಳೆಯರು ಸುಮ್ಮನೆ ಒಪ್ಪಿಕೊಳ್ಳಲಿಲ್ಲ ಎಂಬುದನ್ನೂ ಹೇಳಬೇಕು. ಕೆಲವರು ಆ ತಾಕುಗಳಲ್ಲಿ ದುಡಿಯಲು ನಿರಾಕರಿಸಿದರು, ಕೆಲವರು ಕೂಲಿ ಕೇಳಿದರು.

ಲಾಭದ ವಾದದ ಕಣ್ಣಿನಿಂದ ನೋಡಿದರೆ ಈ ಯೋಜನೆಯಲ್ಲಿ ಮಹಿಳೆಯರು 'ಪಾಲ್ಗೊಂಡಿದ್ದಾರೆ', ಉತ್ಪಾದನೆ ಏರಿದೆ, ಮನೆಯ ಆದಾಯವೂ ಏರಿದೆ. ಎಲ್ಲ ಸರಿ ಇದೆ. ಆ ಕಣ್ಣಿಗೆ ಕಾಣದ್ದು ಒಂದೇ: ತೀರ್ಮಾನ ಯಾರ ಕೈಯಲ್ಲಿದೆ?

ಅಲೆಮಾರಿ

ಅಕ್ಕಾ, ಈ ಒಂದು ಕಥೆ ಹತ್ತು ಕಾರ್ಯಾಗಾರಗಳಿಗೆ ಸಮ. ನೋಂದಣಿ ಮಾಡಿಸಿದವರೂ ಪಾಪ, ಒಳ್ಳೆಯ ಉದ್ದೇಶದಿಂದಲೇ ಮಾಡಿಸಿದ್ದರಲ್ಲ.

ಕಿರುಸಾಲದ ಬಗ್ಗೆ ಯಾರಾದರೂ ಹೇಳಿ. ಮಹಿಳೆಯರ ಸಬಲೀಕರಣ ಎಂದರೆ ಕಿರುಸಾಲ ಎಂಬಂತೆ ಒಂದು ಕಾಲದಲ್ಲಿ ಮಾತನಾಡುತ್ತಿದ್ದರು.

ಲೆಕ್ಕಿಗ

ಬಡವರಿಗೆ ಕಿರುಸಾಲ ಕೊಡುವ ಪದ್ಧತಿ ಬೆಳೆಸಿದ ಬಾಂಗ್ಲಾದೇಶದ ಮೊಹಮ್ಮದ್ ಯೂನುಸ್ ಮತ್ತು ಅವರ ಗ್ರಾಮೀಣ ಬ್ಯಾಂಕ್‌ಗೆ 2006ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಬಂತು. ಉತ್ಸಾಹಕ್ಕೆ ಮೇರೆ ಇರಲಿಲ್ಲ. 2015ರಲ್ಲಿ ಆರು ದೇಶಗಳ ಆರು ಅಧ್ಯಯನಗಳು ಒಟ್ಟಿಗೆ ಪ್ರಕಟವಾದವು: ಬೋಸ್ನಿಯಾ, ಇಥಿಯೋಪಿಯಾ, ಭಾರತ, ಮೆಕ್ಸಿಕೊ, ಮಂಗೋಲಿಯಾ, ಮೊರಾಕ್ಕೊ. ಫಲಿತಾಂಶ: ಕಿರುಸಾಲದಿಂದ ಸ್ವಲ್ಪ ಅನುಕೂಲವಿದೆ, ಜೀವನವನ್ನೇ ಬದಲಿಸುವ ಶಕ್ತಿ ಇಲ್ಲ. ಮನೆಯೊಳಗೆ ಮಹಿಳೆಯ ಮಾತಿಗೆ ಬೆಲೆ ಹೆಚ್ಚಿತೆಂಬುದಕ್ಕೂ ಹೇಳಿಕೊಳ್ಳುವಂಥ ಪುರಾವೆ ದೊರೆಯಲಿಲ್ಲ.

ಬಾಂಗ್ಲಾದೇಶದಲ್ಲಿ 1990ರ ದಶಕದಲ್ಲೇ ಸಂಶೋಧಕರು ಎಚ್ಚರಿಸಿದ್ದರು. ಎಷ್ಟೋ ಸಾಲಗಳು ಮಹಿಳೆಯ ಹೆಸರಿನಲ್ಲಿದ್ದು, ಹಣವನ್ನು ಬಳಸುತ್ತಿದ್ದವರು ಮನೆಯ ಪುರುಷರು. ಕಂತು ಕಟ್ಟುವ ಹೊಣೆ ಮಾತ್ರ ಆಕೆಯದು. ಹೊಂಗೆ ನೆರಳು ಅವರ ಭತ್ತದ ತಾಕಿಗೂ ಇದಕ್ಕೂ ಹೆಚ್ಚು ವ್ಯತ್ಯಾಸವಿಲ್ಲ ಎಂದು ಒಪ್ಪುತ್ತೇನೆ. ಆದರೂ ನನ್ನ ಮೂಲ ಮಾತು ನಿಲ್ಲುತ್ತದೆ. ಇವು ಲಾಭದ ವಾದದ ಸೋಲಲ್ಲ, ಹೆಸರಿಗೂ ಹಿಡಿತಕ್ಕೂ ನಡುವಿನ ಅಂತರವನ್ನು ನೋಡದ ಯೋಜನೆಗಳ ಸೋಲು.

ನೇರನುಡಿ

ಎಲ್ಲ ಓದಿದೆ. ಬಡ ಪುರುಷರು ಏನು ಮಾಡಬೇಕು? ಎಷ್ಟೋ ದೇಶಗಳಲ್ಲಿ ಈಗ ಕಾಲೇಜಿಗೆ ಹೋಗುವವರಲ್ಲಿ ಹುಡುಗಿಯರೇ ಹೆಚ್ಚು. ಲೆಸೋಥೊದಲ್ಲಿ ಶಾಲೆ ಬಿಟ್ಟು ದನ ಕಾಯಲು ಹೋಗುವವರು ಹುಡುಗರು. ಲಿಂಗ ಎಂದ ಕೂಡಲೇ ಮಹಿಳೆ ಎಂದೇ ಅರ್ಥವೇ?

ಹೊಂಗೆ ನೆರಳು

ನೇರನುಡಿಯವರೇ, ಲೆಸೋಥೊದ ಉದಾಹರಣೆ ಸರಿಯಾಗಿದೆ, ಮತ್ತು ಅದು ನಿಮ್ಮ ವಾದಕ್ಕಿಂತ ನಮ್ಮ ವಾದಕ್ಕೇ ಹೆಚ್ಚು ಒದಗುತ್ತದೆ. ಹುಡುಗನೇ ದನ ಕಾಯಬೇಕು, ಹುಡುಗಿಯೇ ತಮ್ಮಂದಿರನ್ನು ನೋಡಿಕೊಳ್ಳಬೇಕು ಎಂಬುದು ಒಂದೇ ಕಟ್ಟಳೆಯ ಎರಡು ತುದಿ. 1970ರ ದಶಕದಲ್ಲಿ 'ಅಭಿವೃದ್ಧಿಯಲ್ಲಿ ಮಹಿಳೆ' ಎಂಬ ಧೋರಣೆ ಇತ್ತು. ಆಮೇಲೆ ಅದು ಸಾಲದೆಂದು 'ಲಿಂಗ ಮತ್ತು ಅಭಿವೃದ್ಧಿ' ಎಂಬ ಧೋರಣೆಗೆ ಬಂದದ್ದು ಇದೇ ಕಾರಣಕ್ಕೆ. ನೋಡಬೇಕಾದದ್ದು ಇಬ್ಬರ ನಡುವಿನ ಸಂಬಂಧವನ್ನು. ನೈಜರ್‌ನಲ್ಲಿ 'ಗಂಡಂದಿರ ಶಾಲೆ' ಎಂಬ ಕಾರ್ಯಕ್ರಮವಿದೆ, ವಿಶ್ವಸಂಸ್ಥೆಯ ಜನಸಂಖ್ಯಾ ನಿಧಿಯ ಬೆಂಬಲದ್ದು. ಹೆರಿಗೆಗೆ ಆಸ್ಪತ್ರೆಗೆ ಕರೆದೊಯ್ಯುವ ತೀರ್ಮಾನ ಗಂಡನದ್ದೇ ಆಗಿರುವಾಗ ಹೆಂಡತಿಗೆ ಮಾತ್ರ ತಿಳಿವಳಿಕೆ ಕೊಟ್ಟು ಏನು ಪ್ರಯೋಜನ ಎಂಬ ಸರಳ ತರ್ಕದ ಮೇಲೆ ನಿಂತದ್ದು.

ಆದರೆ ಕಾಲೇಜಿನಲ್ಲಿ ಹುಡುಗಿಯರು ಹೆಚ್ಚಿದ್ದಾರೆ ಎಂಬುದನ್ನು ಕೆಲಸ ಮುಗಿಯಿತು ಎಂಬ ಅರ್ಥದಲ್ಲಿ ಹೇಳಬೇಡಿ. ಓದಿದ ಮೇಲೆ ಏನಾಗುತ್ತದೆ ಎಂಬುದೇ ಮುಂದಿನ ಪ್ರಶ್ನೆ.

ಮುಂಗಾರು

ಮೆಕ್ಸಿಕೊದ ಪ್ರೊಗ್ರೆಸಾ ಬಗ್ಗೆ ಹೇಳಬೇಕೆನಿಸುತ್ತಿದೆ. ಬಡ ಕುಟುಂಬಗಳಿಗೆ ಷರತ್ತಿನ ಮೇಲೆ ನಗದು ಕೊಡಲು 1997ರಲ್ಲಿ ಆರಂಭವಾದ ಈ ಯೋಜನೆಯಲ್ಲಿ ಹಣ ತಾಯಿಯ ಕೈಗೆ ಬರುತ್ತಿತ್ತು. ಮಾಧ್ಯಮಿಕ ಶಾಲೆಗೆ ಹೋಗುವ ಹುಡುಗಿಗೆ ಹುಡುಗನಿಗಿಂತ ಹೆಚ್ಚು ಮೊತ್ತ. ಹುಡುಗಿಯರ ದಾಖಲಾತಿ ಏರಿತು. ಇದು ಚೆನ್ನಾಗಿ ದೃಢಪಟ್ಟ ಸಂಗತಿ, ಜಗತ್ತಿನ ಎಷ್ಟೋ ದೇಶಗಳು ಅನುಕರಿಸಿದವು.

ಷರತ್ತುಗಳನ್ನು ನೋಡಿ. ಮಕ್ಕಳನ್ನು ಆರೋಗ್ಯ ಕೇಂದ್ರಕ್ಕೆ ಕರೆದೊಯ್ಯಬೇಕು, ಆರೋಗ್ಯದ ಕುರಿತ ಸಭೆಗಳಲ್ಲಿ ಕೂರಬೇಕು, ಹಾಜರಾತಿ ನೋಡಿಕೊಳ್ಳಬೇಕು. ಇವೆಲ್ಲ ಯಾರ ತಲೆಗೆ? ತಾಯಿಯ ತಲೆಗೆ. ತಂದೆಯ ಪಾಲಿಗೆ ಬಂದ ಹೊಣೆ ಬಹಳ ಕಡಿಮೆ. ಮಗಳು ಶಾಲೆಗೆ ಹೋದಳು, ತಾಯಿ ಸರ್ಕಾರದ ಸಂಬಳವಿಲ್ಲದ ನೌಕರಳಾದಳು. ಮಹಿಳೆ ಇಲ್ಲಿ ಗುರಿಯೋ, ಗುರಿ ತಲುಪುವ ದಾರಿಯೋ?

ಲೆಕ್ಕಿಗರೇ, ಹಿಡಿತವನ್ನು ನೋಡದ ಯೋಜನೆಗಳದ್ದು ತಪ್ಪು ಎಂದಿರಿ. ನೋಡದೆ ಹೋದದ್ದು ಆಕಸ್ಮಿಕವಲ್ಲ ಎಂಬುದು ನನ್ನ ಮಾತು. ಇಳುವರಿಯನ್ನು ಅಳೆಯಲು ಹೊರಟವನಿಗೆ ಇಳುವರಿ ಸಿಕ್ಕ ಮೇಲೆ ಮುಂದಕ್ಕೆ ನೋಡುವ ಕಾರಣವೇ ಇರುವುದಿಲ್ಲ.

ಲೆಕ್ಕಿಗ

ಈ ಕೊನೆಯ ಸಾಲಿಗೆ ಸದ್ಯಕ್ಕೆ ನನ್ನಲ್ಲಿ ಉತ್ತರವಿಲ್ಲ.

ಸಂಶಯಾತ್ಮ

ಹೊಂಗೆ ನೆರಳು ಅವರು 'ಓದಿದ ಮೇಲೆ ಏನಾಗುತ್ತದೆ' ಎಂದು ಕೇಳಿದ್ದಕ್ಕೆ. ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2018ರಲ್ಲಿ ಕೊಟ್ಟ ಲೆಕ್ಕ: ಸಂಬಳವಿಲ್ಲದ ಆರೈಕೆ ಕೆಲಸದ ನಾಲ್ಕರಲ್ಲಿ ಮೂರು ಪಾಲನ್ನು, ಅಂದರೆ ಶೇ 76.2ರಷ್ಟನ್ನು, ಮಹಿಳೆಯರು ಮಾಡುತ್ತಾರೆ. 2024ರಲ್ಲಿ ಅದೇ ಸಂಸ್ಥೆ ಹೇಳಿದ್ದು: ಆರೈಕೆಯ ಹೊಣೆಯಿಂದಾಗಿ ಉದ್ಯೋಗ ಮಾರುಕಟ್ಟೆಯಿಂದ ಹೊರಗುಳಿದ ಮಹಿಳೆಯರು 70.8 ಕೋಟಿ. ಇದು ಮೇಲೆ ಹೇಳಿದ ಪೊಳ್ಳು ಅಂಕಿಗಳ ಜಾತಿಯದ್ದಲ್ಲ, ಸಮಯ ಬಳಕೆಯ ಸಮೀಕ್ಷೆ, ಕಾರ್ಮಿಕ ಸಮೀಕ್ಷೆಗಳಿಂದ ತೆಗೆದದ್ದು.

ವಿಶ್ವಸಂಸ್ಥೆಯ ಸಹಸ್ರಮಾನದ ಅಭಿವೃದ್ಧಿ ಗುರಿಗಳಲ್ಲಿ (2000) ಈ ಕೆಲಸದ ಪ್ರಸ್ತಾಪವೇ ಇರಲಿಲ್ಲ. ಮೂರನೆಯ ಗುರಿ ಸಮಾನತೆಯದ್ದೇ ಆಗಿದ್ದರೂ ಕಾಲಮಿತಿ ಹಾಕಿಕೊಂಡದ್ದು ಶಾಲಾ ಶಿಕ್ಷಣದಲ್ಲಿನ ಅಂತರಕ್ಕೆ ಮಾತ್ರ. 2015ರ ಸುಸ್ಥಿರ ಅಭಿವೃದ್ಧಿ ಗುರಿಗಳಲ್ಲಿ 5.4 ಎಂಬ ಉಪಗುರಿಯಾಗಿ ಬಂತು. ಅದರಲ್ಲಿಯೂ ಮನೆಯೊಳಗಿನ ಹೊಣೆ ಹಂಚಿಕೆಯ ಮಾತಿಗೆ 'ಆಯಾ ದೇಶಕ್ಕೆ ಸೂಕ್ತವಾದಂತೆ' ಎಂಬ ಬಾಲ ಅಂಟಿಸಿದ್ದಾರೆ. ರಾಜತಾಂತ್ರಿಕರ ಬಾಲಗಳನ್ನು ಯಾವಾಗಲೂ ಓದಬೇಕು.

ಅಲೆಮಾರಿ

ರಾಜಕೀಯ ಅಧಿಕಾರದ ವಿಷಯ ಯಾರೂ ತೆಗೆಯಲಿಲ್ಲ. ರುವಾಂಡಾದ ಸಂಸತ್ತಿನಲ್ಲಿ ಶೇ 60ಕ್ಕೂ ಹೆಚ್ಚು ಮಹಿಳೆಯರಿದ್ದಾರೆ, ಜಗತ್ತಿನಲ್ಲೇ ಮೊದಲ ಸ್ಥಾನ. ಅಲ್ಲಿ ತೀರ್ಮಾನ ಅವರದ್ದೇ ಅಲ್ಲವೇ?

ಹೊಂಗೆ ನೆರಳು

ಅಷ್ಟು ಸುಲಭವಾಗಿ ಹೌದು ಎನ್ನಲಾರೆ. 2003ರ ಸಂವಿಧಾನ ಕನಿಷ್ಠ ಶೇ 30 ಎಂದಿತು, 2008ರಲ್ಲಿ ಮಹಿಳೆಯರೇ ಬಹುಮತಕ್ಕೆ ಬಂದರು. ಇದು ದೊಡ್ಡದೇ. ಆದರೆ ಸಂಸತ್ತೇ ಅಧ್ಯಕ್ಷರನ್ನು ಪ್ರಶ್ನಿಸಲಾಗದ ದೇಶದಲ್ಲಿ ಅದರೊಳಗೆ ಯಾರು ಎಷ್ಟು ಎಂಬುದು ಅಧಿಕಾರದ ಅರ್ಧ ಅಳತೆ ಮಾತ್ರ.

ಕಾನೂನಿನಲ್ಲಿ ಆದದ್ದು ಹೆಚ್ಚು ಆಸಕ್ತಿಕರ. 1999ರ ಕಾಯ್ದೆ ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತದಲ್ಲಿ ಪಾಲು ಕೊಟ್ಟಿತು. ಆಮೇಲೆ ದೇಶದ ನೆಲವನ್ನೆಲ್ಲ ಅಳೆದು ಗಂಡ ಹೆಂಡತಿ ಇಬ್ಬರ ಹೆಸರಿಗೂ ನೋಂದಾಯಿಸುವ ಕೆಲಸ ನಡೆಯಿತು. ಕಾನೂನುಬದ್ಧವಾಗಿ ಮದುವೆಯಾದವರಿಗೆ ಇದರಿಂದ ಒಳ್ಳೆಯದಾಯಿತು. ಮದುವೆಯನ್ನು ನೋಂದಾಯಿಸದೆ ಕೂಡಿ ಬಾಳುತ್ತಿದ್ದ ಮಹಿಳೆಯರೂ ಅಲ್ಲಿ ಬಹಳ. ಪ್ರಾಯೋಗಿಕ ಹಂತದ ಅಧ್ಯಯನದಲ್ಲಿ ಅವರ ಸ್ಥಿತಿ ಮೊದಲಿಗಿಂತ ದುರ್ಬಲವಾದದ್ದು ಕಂಡಿತು. ಕಾಗದವಿಲ್ಲದ ಮದುವೆಗೆ ಕಾಗದದ ನೆಲ ಸಿಗಲಿಲ್ಲ.

ಲೆಕ್ಕಿಗ

ಮೀಸಲಾತಿಯ ಪರವಾಗಿ ಒಂದು ಮಾತು. ಭಾರತದಲ್ಲಿ ಸಂವಿಧಾನದ 73ನೇ ತಿದ್ದುಪಡಿಯ ನಂತರ ಯಾವ ಪಂಚಾಯಿತಿಯ ಅಧ್ಯಕ್ಷ ಸ್ಥಾನ ಮಹಿಳೆಗೆ ಎಂಬುದು ಸರದಿಯ ಪ್ರಕಾರ ನಿಗದಿಯಾಗುತ್ತಿತ್ತು. ಹಾಗಾಗಿ ಹೋಲಿಕೆ ಸಾಧ್ಯವಾಯಿತು. ಪಶ್ಚಿಮ ಬಂಗಾಳ, ರಾಜಸ್ಥಾನ ಎರಡರಲ್ಲೂ ಮಹಿಳೆ ಅಧ್ಯಕ್ಷರಾದ ಕಡೆ ಕುಡಿಯುವ ನೀರಿಗೆ ಹೆಚ್ಚು ಖರ್ಚಾಗಿತ್ತು (ರಾಘವೇಂದ್ರ ಚಟ್ಟೋಪಾಧ್ಯಾಯ ಮತ್ತು ಡುಫ್ಲೋ, 2004). ಪಶ್ಚಿಮ ಬಂಗಾಳದ ಇನ್ನೊಂದು ಅಧ್ಯಯನ 2012ರದ್ದು. ಮೀಸಲಾತಿ ಎರಡು ಅವಧಿ ಬಂದ ಊರುಗಳಲ್ಲಿ, ಮಗನ ಬಗ್ಗೆ ಮತ್ತು ಮಗಳ ಬಗ್ಗೆ ಹೆತ್ತವರಿಗಿದ್ದ ಆಕಾಂಕ್ಷೆಗಳ ನಡುವಿನ ಅಂತರ ಕಾಲು ಭಾಗದಷ್ಟು ಕಡಿಮೆಯಾಗಿತ್ತು. ಹದಿಹರೆಯದವರ ಓದಿನ ಅಂತರವೇ ಅಳಿಸಿಹೋಗಿತ್ತು. ಯಾವ ವಿದ್ಯಾರ್ಥಿವೇತನವೂ ಇಲ್ಲದೆ, ಕುರ್ಚಿಯಲ್ಲಿ ಒಬ್ಬ ಮಹಿಳೆಯನ್ನು ಕಂಡದ್ದರಿಂದ!

ನೇರನುಡಿ

ಇದು ನನಗೆ ಹೊಸದು. ಆ ಹುಡುಗಿಯರಿಗೆ ಕೆಲಸ ಸಿಕ್ಕಿತೇ?

ಲೆಕ್ಕಿಗ

ಆ ಹೊತ್ತಿಗೆ ಉದ್ಯೋಗದ ಅವಕಾಶಗಳಲ್ಲಿ ಬದಲಾವಣೆ ಕಂಡಿರಲಿಲ್ಲ. ಹಾಗಾಗಿಯೇ ಈ ಬದಲಾವಣೆ ಅಧ್ಯಕ್ಷೆಯನ್ನು ಮಾದರಿಯಾಗಿ ಕಂಡದ್ದರ ಪರಿಣಾಮ ಎಂದು ಸಂಶೋಧಕರು ಓದಿದರು.

ಮುಂಗಾರು

ಹಣದ ವಿಷಯಕ್ಕೆ ಬರೋಣ. ಶ್ರೀಮಂತ ದಾನಿ ದೇಶಗಳು ತಮ್ಮ ನೆರವಿನ ಪ್ರತಿ ಯೋಜನೆಗೂ ಸಮಾನತೆಯ ಅಂಕ ಕೊಡುತ್ತವೆ: ಸಮಾನತೆಯೇ ಮುಖ್ಯ ಗುರಿಯಾದರೆ 2, ಗುರಿಗಳಲ್ಲಿ ಒಂದಾದರೆ 1, ಇಲ್ಲದಿದ್ದರೆ 0. ಇತ್ತೀಚಿನ ವರ್ಷಗಳಲ್ಲಿ 1 ಮತ್ತು 2 ಎರಡೂ ಸೇರಿ ಅರ್ಧಕ್ಕಿಂತ ಕಡಿಮೆ. 2 ಅಂಕದ್ದು ಬರೀ ಶೇ 4ರ ಆಸುಪಾಸು. ಅಂಕ ಹಾಕಿಕೊಳ್ಳುವವರು ದಾನಿಗಳೇ ಎಂಬುದನ್ನೂ ನೆನಪಿಡಿ. ರಸ್ತೆ ಯೋಜನೆಯ ಪ್ರಸ್ತಾವನೆಯಲ್ಲಿ 'ಮಹಿಳೆಯರೂ ಈ ರಸ್ತೆಯಲ್ಲಿ ಓಡಾಡುತ್ತಾರೆ' ಎಂದು ಒಂದು ಪ್ಯಾರಾ ಸೇರಿಸುವ ಆಮಿಷ ಎಷ್ಟಿರುತ್ತದೆ ಎಂದು ಊಹಿಸಿಕೊಳ್ಳಿ.

ಸಂಶಯಾತ್ಮ

ಆ ಶೇ 4 ಕೂಡ ಗಾಳಿ ಬಂದ ಕಡೆ ವಾಲುತ್ತದೆ. ಸ್ವೀಡನ್ 2014ರಲ್ಲಿ ಸ್ತ್ರೀವಾದಿ ವಿದೇಶಾಂಗ ನೀತಿಯನ್ನು ಘೋಷಿಸಿದ ಮೊದಲ ದೇಶ. 2022ರಲ್ಲಿ ಸರ್ಕಾರ ಬದಲಾಯಿತು, ಹೆಸರು ಅದೇ ತಿಂಗಳಲ್ಲಿ ಹೋಯಿತು. 2025ರಲ್ಲಿ ಅಮೆರಿಕದ ನೆರವು ಸಂಸ್ಥೆಯನ್ನೇ ಮುಚ್ಚಲಾಯಿತು. ಅದರ ಹಣದಲ್ಲಿ 1984ರಿಂದ 90ಕ್ಕೂ ಹೆಚ್ಚು ದೇಶಗಳಲ್ಲಿ ಜನಸಂಖ್ಯೆ ಮತ್ತು ಆರೋಗ್ಯ ಸಮೀಕ್ಷೆಗಳು ನಡೆಯುತ್ತಿದ್ದವು. ಅವೂ ಅಲ್ಲಿಗೇ ನಿಂತವು. ಬೇರೆ ದಾನಿಗಳ ಹಣದಿಂದ ಆಮೇಲೆ ಒಂದಿಷ್ಟು ಜೀವ ಬಂದಿದೆ.

ಈ ಚರ್ಚೆಗೆ ಅದು ಯಾಕೆ ಮುಖ್ಯ? ಆ ಸಮೀಕ್ಷೆ ಮಹಿಳೆಯನ್ನು ನೇರವಾಗಿ ಕೇಳುತ್ತಿತ್ತು: ನಿಮ್ಮ ಚಿಕಿತ್ಸೆಯ ಬಗ್ಗೆ ತೀರ್ಮಾನ ಯಾರದು? ಮನೆಯ ದೊಡ್ಡ ಖರೀದಿಗಳ ಬಗ್ಗೆ? ನಿಮ್ಮ ತವರಿಗೆ ಹೋಗಿಬರುವ ಬಗ್ಗೆ? ಇಷ್ಟು ದೇಶಗಳಲ್ಲಿ ಒಂದೇ ರೀತಿಯಲ್ಲಿ ಹಿಡಿತದ ಪ್ರಶ್ನೆಯನ್ನು ಕೇಳುತ್ತಿದ್ದ ಇಂಥ ಸಮೀಕ್ಷೆಗಳು ಬೆರಳೆಣಿಕೆಯಷ್ಟು.

ಅಲೆಮಾರಿ

ಹಾಗಾದರೆ ದಾನಿಗಳನ್ನು ಕಾಯದೆ ತಾವೇ ಏನಾದರೂ ಮಾಡಿಕೊಂಡ ದೇಶಗಳು ಇವೆಯೇ?

ಹೊಂಗೆ ನೆರಳು

ಲ್ಯಾಟಿನ್ ಅಮೆರಿಕದ ಕಡೆ ನೋಡಿ. ಕೊಲಂಬಿಯಾ 2010ರಲ್ಲಿ 1413ನೇ ಕಾನೂನು ಮಾಡಿ, ಸಂಬಳವಿಲ್ಲದ ಆರೈಕೆ ಕೆಲಸವನ್ನು ರಾಷ್ಟ್ರೀಯ ಲೆಕ್ಕಪತ್ರಗಳಲ್ಲಿ ಸೇರಿಸಬೇಕು, ಅದಕ್ಕಾಗಿ ಸಮಯ ಬಳಕೆಯ ಸಮೀಕ್ಷೆ ನಡೆಸಬೇಕು ಎಂದಿತು. ಉರುಗ್ವೆ 2015ರಲ್ಲಿ ಆರೈಕೆಯನ್ನು ಕಾನೂನಿನಲ್ಲಿ ಹಕ್ಕೆಂದು ಬರೆದು ರಾಷ್ಟ್ರೀಯ ಆರೈಕೆ ವ್ಯವಸ್ಥೆ ಕಟ್ಟಿತು. ಲಾಭದ ಲೆಕ್ಕ ಅಲ್ಲಿಯೂ ನಡೆಯಿತು, ಆದರೆ ಹಕ್ಕು ಮೊದಲು ಬಂತು. ಮುಂಗಾರು ಅವರು ಗಮನಿಸಬೇಕು.

ನನಗೆ ತುಂಬ ಇಷ್ಟವಾದದ್ದು ಬೊಗೊಟಾ ನಗರದ 'ಆರೈಕೆ ವಲಯಗಳು', 2020ರಲ್ಲಿ ಶುರುವಾದದ್ದು. ಮನೆಯವರ ಆರೈಕೆಯಲ್ಲೇ ದಿನ ಕಳೆಯುವ ಮಹಿಳೆ ಒಂದೇ ಕಡೆ ಬಟ್ಟೆಯನ್ನು ಯಂತ್ರಕ್ಕೆ ಹಾಕಿ, ಮಗುವನ್ನು ನೋಡಿಕೊಳ್ಳುವವರ ಬಳಿ ಬಿಟ್ಟು, ಪಕ್ಕದ ಕೋಣೆಯಲ್ಲಿ ಅರ್ಧಕ್ಕೆ ನಿಂತ ಶಾಲಾ ಶಿಕ್ಷಣವನ್ನು ಮುಗಿಸಬಹುದು. ಪುರುಷರಿಗೆ ಆರೈಕೆಯ ಕೆಲಸ ಕಲಿಸುವ ತರಗತಿಗಳೂ ಇವೆ, ನೇರನುಡಿಯವರೇ.

ನೇರನುಡಿ

ಆ ತರಗತಿಗಳಿಗೆ ಎಷ್ಟು ಜನ ಹೋಗುತ್ತಾರೆ ಎಂಬುದರ ಮೇಲೆ ಬೇರೆ ಚರ್ಚೆ ತೆರೆಯುತ್ತೇನೆ.